ಐದಕ್ಕೆ ಮೂರು ಚುಕ್ಕಿ

ಚನ್ನಪ್ಪ ಮಾಸ್ತರರು ಅಂಕ ಕೊಡಲು ಕುಳಿತರೆ ಮನೆಯಲ್ಲಿ ಯಾರೂ ಸದ್ದು ಮಾಡಬಾರದು. ಇದು ಇಂದು ನಿನ್ನೆಯ ಕಟ್ಟಳೆಯಲ್ಲ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕನ್ನಡವನ್ನೂ ಇತಿಹಾಸವನ್ನೂ ಕಲಿಸಿ ಅವರು ನಿವೃತ್ತರಾಗಿ ಹದಿಮೂರು ವರ್ಷವಾಗಿತ್ತು. ಕೆಂಪು ಶಾಯಿಯ ಪೆನ್ನು ಒಣಗಿ ಕಪಾಟಿನಲ್ಲೆಲ್ಲೋ ಬಿದ್ದಿತ್ತು. ಆದರೆ ಐದಾರು ವಾರದಿಂದ ಅವರಿಗೆ ಮತ್ತೆ ಅಂಕ ಕೊಡುವ ಕೆಲಸ ಬಂದಿತ್ತು. ದಿನಾ ಬೆಳಿಗ್ಗೆ ಹತ್ತೂಕಾಲಿಗೆ, ಮನೆಗೆಲಸದವಳು ಬಾಗಿಲು ದಾಟಿದ ಕೂಡಲೆ, ಅವರ ಮೊಬೈಲಿನಲ್ಲಿ ಐದು ಖಾಲಿ ಚುಕ್ಕಿಗಳು ಮೂಡುತ್ತಿದ್ದವು. ಮಾಸ್ತರರು ಕನ್ನಡಕ ಒರೆಸಿಕೊಂಡು, ರಸ್ತೆಯತ್ತ ಚಾಚಿದ ಗ್ಯಾಲರಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಒಂದು ತಾಸಿನ ಕೆಲಸವನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿ, ಆಮೇಲೆ ಒತ್ತುತ್ತಿದ್ದರು.

ಇದೆಲ್ಲ ಶುರುವಾದದ್ದು ಅವರ ಹೆಂಡತಿ ರತ್ನಾಬಾಯಿ ಮನೆ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡ ಮೇಲೆ. ನಲವತ್ತನಾಲ್ಕು ವರ್ಷ ಒಬ್ಬಳೇ ಮನೆ ತೂಗಿಸಿದ ಹೆಂಗಸು ಪ್ಲಾಸ್ಟರ್ ಹಾಕಿಸಿಕೊಂಡು ಕುಳಿತಾಗ ಮಾಸ್ತರರಿಗೆ ಚಹಾಪುಡಿಯ ಡಬ್ಬಿ ಯಾವುದು ಎಂಬುದೂ ಗೊತ್ತಿರಲಿಲ್ಲ. ಘಣಸೋಲಿಯಲ್ಲಿರುವ ಮಗಳು ವೈಶಾಲಿ ಒಂದು ಭಾನುವಾರ ಬಂದು ಅಪ್ಪನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಹತ್ತು ನಿಮಿಷದಲ್ಲಿ ಹಸಿರು ಟೀಶರ್ಟಿನ ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ, ಒಂದು ತಾಸು ಕೆಲಸ ಮಾಡಿ ಹೋಗುತ್ತಾಳೆ. ಯಾರು ಬರುತ್ತಾರೆಂದು ಹೇಳಲಾಗದು. ಆ ಹೊತ್ತಿಗೆ ಹತ್ತಿರ ಯಾರಿದ್ದಾರೋ ಅವರನ್ನೇ ಆ್ಯಪ್ ಕಳಿಸುತ್ತದೆ.

ಹಾಗೆ ಬಂದವರಲ್ಲಿ ಒಬ್ಬಳು ನಾಗವೇಣಿ. ರಾಯಚೂರು ಸೀಮೆಯ ಲಿಂಗಸುಗೂರಿನ ಕಡೆಯವಳು, ಮನೆ ಟಿಟ್ವಾಳಾದಲ್ಲಿ, ಗಂಡ ಯಂಕಣ್ಣ ಬದಲಾಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಮೊದಲ ದಿನ ಬಂದವಳೇ ಹಿಂದಿಯಲ್ಲಿ ಏನು ಮಾಡಬೇಕೆಂದು ಕೇಳಿದಳು. ಹಿಟ್ಟು ನಾದುವ ಪರಾತದಲ್ಲಿ ಜೋಳದ ಹಿಟ್ಟು ಕಂಡು ಕನ್ನಡಕ್ಕೆ ಇಳಿದಳು. ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ರತ್ನಾಬಾಯಿಗೆ ಅರ್ಧ ನೋವು ಕಡಿಮೆಯಾಯಿತು.

ಅಂದಿನಿಂದ ರತ್ನಾಬಾಯಿ ಆ್ಯಪಿಗೇ ಚಳ್ಳೆಹಣ್ಣು ತಿನ್ನಿಸುವ ದಾರಿಯೊಂದನ್ನು ಕಂಡುಕೊಂಡರು. ಹಸಿರು ಟೀಶರ್ಟಿನವರೆಲ್ಲ ಕೆಲಸ ಬರುವ ತನಕ ಎದುರಿನ ಗಣಪತಿ ಗುಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಬೆಳಿಗ್ಗೆ ಒಂಬತ್ತಾದರೆ ರತ್ನಾಬಾಯಿ ಪ್ಲಾಸ್ಟರ್ ಕೈಯನ್ನು ಕಟಕಟೆಯ ಮೇಲಿಟ್ಟುಕೊಂಡು ಗ್ಯಾಲರಿಯಲ್ಲಿ ಕಾವಲು ನಿಲ್ಲುವರು. ಬೇರೆಯವರು ಒಬ್ಬೊಬ್ಬರಾಗಿ ಎದ್ದುಹೋಗಿ ಕಟ್ಟೆಯ ಮೇಲೆ ನಾಗವೇಣಿ ಒಬ್ಬಳೇ ಉಳಿದಾಗ ಒಳಗೆ ತಿರುಗಿ, "ಈಗ ಒತ್ರಿ," ಎನ್ನುವರು. ಮಾಸ್ತರರು ಒತ್ತುವರು. ಕೆಳಗೆ ನಾಗವೇಣಿ ಮೊಬೈಲು ನೋಡಿ, ತಲೆ ಎತ್ತಿ ಗ್ಯಾಲರಿಯತ್ತ ನಗುವಳು. ಹೀಗೆ ಐದು ವಾರದಲ್ಲಿ ಅವಳು ಹತ್ತೊಂಬತ್ತು ಸಲ ಬಂದಳು.

ಹತ್ತೊಂಬತ್ತು ಸಲವೂ ಮಾಸ್ತರರು ಅವಳಿಗೆ ಮೂರು ಚುಕ್ಕಿ ಕೊಟ್ಟರು.

ಜಿಪುಣತನದಿಂದ ಅಲ್ಲ, ಬಹಳ ಪ್ರೀತಿಯಿಂದ ಕೊಟ್ಟರು. ಅವರ ಲೆಕ್ಕ ಸ್ಪಷ್ಟವಾಗಿತ್ತು. ಐದಕ್ಕೆ ಮೂರು ಎಂದರೆ ನೂರಕ್ಕೆ ಅರವತ್ತು, ಅಂದರೆ ಫಸ್ಟ್ ಕ್ಲಾಸ್. ಅವರ ಕೈಯಲ್ಲಿ ಕನ್ನಡ ಪತ್ರಿಕೆಯಲ್ಲಿ ಫಸ್ಟ್ ಕ್ಲಾಸ್ ಪಡೆದವರು ಮೂವತ್ತನಾಲ್ಕು ವರ್ಷದಲ್ಲಿ ಹನ್ನೊಂದೇ ಮಂದಿ. ಅವರ ಹೆಸರುಗಳು ಇಂದಿಗೂ ಮಾಸ್ತರರ ಬಾಯಲ್ಲಿವೆ. ನಾಲ್ಕು ಗಳಿಸುವುದು ಮನುಷ್ಯ ಮಾತ್ರದವರಿಂದ ಆಗದು, ಐದು ಕೊಡುವುದು ದೇವರಿಗೆ ಬಿಟ್ಟದ್ದು. ಗಣಿತದಲ್ಲಾದರೆ ನೂರಕ್ಕೆ ನೂರು ಬೀಳಬಹುದು, ಆದರೆ ಮನೆಗೆಲಸ ಗಣಿತವಲ್ಲ, ಭಾಷೆ ಇದ್ದ ಹಾಗೆ, ಎಷ್ಟು ಮಾಡಿದರೂ ಇನ್ನಷ್ಟು ಉಳಿಯುತ್ತದೆ. ಒಂದೊಂದೇ ಸಲ ಬಂದುಹೋದ ಬೇರೆಯವರಿಗೆಲ್ಲ ಎರಡು ಚುಕ್ಕಿ ಕೊಟ್ಟು, ನಾಗವೇಣಿಯೊಬ್ಬಳಿಗೇ ಮೂರು ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಷರಾ ಬರೆಯುತ್ತಿದ್ದರು: 'ಉತ್ತಮ ಕೆಲಸ. ಸುಧಾರಣೆಗೆ ಇನ್ನೂ ಅವಕಾಶವಿದೆ.' ಬರೆದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ, ಅವಳು ಕಾಸಿಟ್ಟು ಹೋದ ಚಹಾವನ್ನು ಮತ್ತೊಂದು ಕಪ್ ಕುಡಿಯುತ್ತಿದ್ದರು.

ಇಪ್ಪತ್ತನೆಯ ಸಲ ನಾಗವೇಣಿ ಬರಲಿಲ್ಲ. ರತ್ನಾಬಾಯಿ ಮೂರು ದಿನ ಗ್ಯಾಲರಿಯಲ್ಲಿ ಹತ್ತು ಗಂಟೆಯ ತನಕ ನಿಂತರು. ನಾಲ್ಕನೆಯ ದಿನ ಬೇರೆ ದಾರಿ ಕಾಣದೆ ಒತ್ತಿದಾಗ ಜ್ಯೋತ್ಸ್ನಾ ಎಂಬ ಮರಾಠಿ ಹೆಂಗಸು ಬಂದಳು. ಮಾತಿನ ಮಲ್ಲಿ. ನೆಲ ಒರೆಸುತ್ತಲೇ ಎಲ್ಲ ಹೇಳಿದಳು. ನಾಗವೇಣಿಯ ಚುಕ್ಕಿ ಇಳಿದುಹೋಗಿವೆ, ಸರಾಸರಿ ನಾಲ್ಕು ಪಾಯಿಂಟ್ ಏಳಕ್ಕಿಂತ ಕೆಳಗೆ ಇಳಿದವರ ಐಡಿ ಬಂದ್ ಮಾಡುತ್ತಾರೆ. ಮೊದಲು ಠಾಣೆ ಶಹರದ ಆಫೀಸಿನಲ್ಲಿ ಸಂಬಳವಿಲ್ಲದ ಟ್ರೇನಿಂಗ್, ಆಮೇಲೆ ಯಾರೂ ಹೋಗಲೊಲ್ಲದ ದೂರದ ಏರಿಯಾ. ನಾಗವೇಣಿಗೆ ಘೋಡಬಂದರ್ ರಸ್ತೆ ಬಂದಿದೆ. ಟಿಟ್ವಾಳಾದಿಂದ ಅಲ್ಲಿಗೆ ಹೋಗಿ ಬರುವುದರಲ್ಲಿ ರಾತ್ರಿಯಾಗುತ್ತದೆ. ಶಾಲೆಯಿಂದ ಮಧ್ಯಾಹ್ನ ಬರುವ ಮಗಳನ್ನು ನೋಡುವವರಿಲ್ಲ, ಅದಕ್ಕೇ ಮಗಳು ಪೂಜಿತಾಳನ್ನು ಬರುವ ವಾರ ಊರಿಗೆ, ಅಜ್ಜಿಯ ಹತ್ತಿರ ಕಳಿಸುತ್ತಾಳಂತೆ.

ಇಷ್ಟು ಒಳ್ಳೆಯ ಕೆಲಸದವಳ ಚುಕ್ಕಿ ಇಳಿದದ್ದು ಹೇಗೆ ಎಂದು ಮಾಸ್ತರರು ನಿಜವಾಗಿಯೂ ಸಿಟ್ಟಿನಿಂದ ಕೇಳಿದರು.

"ಈ ಏರಿಯಾದಲ್ಲೇ ಯಾರೋ ಒಬ್ಬ ಇದ್ದಾನೆ ಕಾಕಾ," ಎಂದಳು ಜ್ಯೋತ್ಸ್ನಾ ಮರಾಠಿಯಲ್ಲಿ. "ಒಂದಿನ ಬಿಡದೆ ಮೂರು ಒತ್ತುತ್ತಾನೆ. ಅವಳ ಮೇಲೆ ಏನು ಹಗೆಯೋ. ಅವನಿಗೆ ಒಳ್ಳೆಯದಾಗೋದಿಲ್ಲ."

ಮಾಸ್ತರರ ಕೈಯಲ್ಲಿದ್ದ ಪೇಪರ್ ಕೆಳಗಿಳಿಯಿತು. ಮೂರು ಎಂದರೆ ಒಳ್ಳೆಯದಲ್ಲವೇ ಎಂದು ಮೆಲ್ಲಗೆ ಕೇಳಿದರು. ಜ್ಯೋತ್ಸ್ನಾ ಒರೆಸುವುದು ನಿಲ್ಲಿಸಿ ಈ ಮುದುಕ ತಮಾಷೆ ಮಾಡುತ್ತಿದ್ದಾನೋ ಎಂಬಂತೆ ಅವರ ಮುಖ ನೋಡಿದಳು. ಐದು ಬಂದರೆ ನೌಕರಿ ಇದೆ, ನಾಲ್ಕು ಬಂದರೆ ತಪ್ಪು ಮಾಡಿದ ಹಾಗೆ, ಮೂರು ಎಂದರೆ ಹೊಟ್ಟೆಯ ಮೇಲೆ ಹೊಡೆದ ಹಾಗೆ ಎಂದು ಬಿಡಿಸಿ ಹೇಳಿದಳು. ಒಳಗಿನ ಕೋಣೆಯಲ್ಲಿ ರತ್ನಾಬಾಯಿ ಕೇಳಿಸಿಕೊಂಡರು. ಆದರೆ ಅವಳು ಹೋಗುವ ತನಕ ಬಾಯಿ ಬಿಡಲಿಲ್ಲ. ಗಂಡನ ಮಾನ ಹೊರಗಿನವರ ಮುಂದೆ ತೆಗೆಯುವ ಹೆಂಗಸಲ್ಲ ಅವರು. ಬಾಗಿಲು ಹಾಕಿದ ಮೇಲೆ ಮಾತ್ರ ಬಂದು ಎದುರು ನಿಂತರು.

"ನಾ ಬಿಸಲಾಗ ನಿಂತು ಆಕೀನ ಕಾಯೂದು, ನೀವು ಆಕೀಗೆ ಮೂರು ಕೊಡೂದು. ಭಾಳ ಛಲೋ ಆತು ನಮ್ಮ ಸಂಸಾರ."

ಮಾಸ್ತರರು ಮಗಳಿಗೆ ಫೋನು ಮಾಡಿದರು. ಐರೋಲಿಯ ಒಂದು ವಿಮಾ ಕಂಪನಿಯಲ್ಲಿ ಗ್ರಾಹಕರ ಫೋನು ಎತ್ತುವ ಕೆಲಸ ಅವಳದು, ಊಟದ ಬಿಡುವಿನಲ್ಲಿದ್ದಳು. ಅಪ್ಪ ಹೇಳಿದ್ದನ್ನೆಲ್ಲ ಕೇಳಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಮಾಸ್ತರರು ಸೋಲೊಪ್ಪುವ ಪೈಕಿಯವರಲ್ಲ. ಎಲ್ಲರಿಗೂ ಐದು ಕೊಡುವುದಾದರೆ ಅದು ಅಂಕವೇ ಅಲ್ಲ, ಮೈಗಳ್ಳಿಗೂ ಐದು, ದುಡಿಯುವವಳಿಗೂ ಐದು ಎಂದರೆ ದುಡಿದವಳಿಗೆ ಸಿಕ್ಕಿದ್ದೇನು, ಇಂಥ ಸುಳ್ಳು ಪರೀಕ್ಷೆಗೆ ತಾವೇಕೆ ಮೇಷ್ಟರಾಗಬೇಕು ಎಂದು ವಾದಿಸಿದರು. ವಾದವೇನೋ ಸರಿಯಾಗಿಯೇ ಇತ್ತು.

"ಅಪ್ಪಾ, ನಂಗೂ ಚುಕ್ಕಿ ಅದಾವ್ರಿ," ಎಂದಳು ವೈಶಾಲಿ ಕೊನೆಗೆ. "ಒಂದೊಂದ್ ಕಾಲ್ ಮುಗದ ಮ್ಯಾಲೂ ಫೋನ್ ಮಾಡಿದವ್ರಿಗೆ ಮೆಸೇಜ್ ಹೋಗ್ತದ. ನಾಲ್ಕ್ ಬಂದ ದಿನ ನಂಗ ಊಟ ಸೇರಂಗಿಲ್ಲ. ಐದು ಅಂದ್ರ ನಾ ಶಾಣ್ಯಾಕಿ ಅಂತಲ್ಲ, ಇಕೀನ ಬಿಡಿಸಬ್ಯಾಡ್ರಿ ಅಂತ, ಅಷ್ಟ. ಕೆಲಸ ಛಲೋ ಇತ್ತು ಅನ್ನೂದನ್ನ ಎದುರಿಗೆ ಹೇಳಬೇಕಪ್ಪಾ. ಅದಕ್ಕ ಆ್ಯಪ್ ಯಾಕ ಬೇಕು?"

ಮಗಳು ದಿನವಿಡೀ ಏನು ಮಾಡುತ್ತಾಳೆಂದು ಮಾಸ್ತರರು ಆರು ವರ್ಷದಲ್ಲಿ ಕೇಳಿರಲಿಲ್ಲ. 'ಕಂಪನಿಯಲ್ಲಿದ್ದಾಳೆ' ಎಂಬಷ್ಟೇ ಅವರಿಗೆ ಸಾಕಾಗಿತ್ತು.

ಫೋನು ಇಟ್ಟು, ಕೊಟ್ಟ ಅಂಕ ತಿದ್ದಲು ಹೊರಟರು. ಒಂದು ದಿನ ಕಳೆದರೆ ಚುಕ್ಕಿ ಬದಲಿಸಲಾಗದು ಎಂದು ಆ್ಯಪ್ ಹೇಳಿತು. ಸಹಾಯವಾಣಿಗೆ ಫೋನು ಮಾಡಿದರೆ ಯಂತ್ರದ ದನಿಯೊಂದು ಒಂದು ಒತ್ತಿ, ಎರಡು ಒತ್ತಿ ಎಂದು ಆಡಿಸಿ, ಕೊನೆಗೆ ಈ ಸಂಭಾಷಣೆಗೆ ಎಷ್ಟು ಚುಕ್ಕಿ ಕೊಡುತ್ತೀರಿ ಎಂದು ಕೇಳಿತು. ನಾಗವೇಣಿಯ ನಂಬರು ಆ್ಯಪಿನಲ್ಲಿ ಕಾಣುವುದಿಲ್ಲ. ಹತ್ತೊಂಬತ್ತು ಸಲ ಮನೆಯೊಳಗೆ ಬಂದು ಹೋದವಳ ವಿಳಾಸ ಅವರಲ್ಲಿರಲಿಲ್ಲ. ಮರುದಿನ ಮಾಸ್ತರರು ಕಟ್ಟೆಯ ಮೇಲೆ ಜ್ಯೋತ್ಸ್ನಾಳನ್ನು ಹುಡುಕಿ, ಆ ಮೂರು ಒತ್ತಿದವರು ತಾವೇ ಎಂದು ಹೇಳಿ, ಠಾಣೆಯ ಆಫೀಸಿನ ವಿಳಾಸ ಕೇಳಿದರು. ಅವಳ ಬಾಯಿಗೆ ಬೀಗ ಬಿದ್ದದ್ದು ಅದೇ ಮೊದಲಿರಬೇಕು. ವಿಳಾಸ ಮಾತ್ರ ಕೊಟ್ಟಳು.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಾಸ್ತರರು ಹನ್ನೊಂದರ ಲೋಕಲ್ ಹಿಡಿದರು. ಜೇಬಿನಲ್ಲಿ ದುಂಡು ಅಕ್ಷರದಲ್ಲಿ ಬರೆದ ಎರಡು ಪುಟದ ಅರ್ಜಿ. ಠಾಣೆಯ ವಾಗ್ಳೆ ಎಸ್ಟೇಟಿನ ಹಳೆಯ ಕಾರ್ಖಾನೆ ಕಟ್ಟಡದ ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಮೊಣಕಾಲು ಪದ ಹಾಡತೊಡಗಿದ್ದವು. ಬಾಗಿಲು ತಳ್ಳಿ ನೋಡಿದರೆ ಒಳಗೆ ಒಂದು ತರಗತಿ. ಇಪ್ಪತ್ತು ಇಪ್ಪತ್ತೈದು ಹೆಂಗಸರು ಹಸಿರು ಟೀಶರ್ಟಿನಲ್ಲಿ ಸಾಲಾಗಿ ಕುಳಿತಿದ್ದರು. ಪರದೆಯ ಮೇಲೆ, ಬಾಗಿಲು ತೆರೆದಾಗ ಹೇಗೆ ನಗಬೇಕು ಎಂಬ ಪಾಠ ನಡೆದಿತ್ತು. ಕಡೆಯ ಸಾಲಿನಲ್ಲಿ ನಾಗವೇಣಿ. ಅವರನ್ನು ಕಂಡವಳೇ, "ಮಾಸ್ತರ್ರ," ಎಂದು ಎದ್ದು ನಿಂತಳು. ಹಾಗೆ ಎದ್ದು ನಿಂತ ಹುಡುಗರನ್ನು ಮೂವತ್ತನಾಲ್ಕು ವರ್ಷ ನೋಡಿದ್ದ ಮಾಸ್ತರರಿಗೆ ಇವಳು ಎದ್ದು ನಿಂತದ್ದನ್ನು ನೋಡಲಾಗಲಿಲ್ಲ.

ಆ ಕೇಂದ್ರವನ್ನು ನೋಡಿಕೊಳ್ಳುವವನು ಕೌಶಲ್ ಎಂಬ ಇಪ್ಪತ್ತಾರರ ಯುವಕ. ಅವನ ತಾಯಿ ಕಲಬುರಗಿಯವರು; ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ ಬರುತ್ತಿತ್ತು. ಅರ್ಜಿಯನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಅರವತ್ತೆಂದರೆ ಫಸ್ಟ್ ಕ್ಲಾಸ್ ಎಂಬಲ್ಲಿಗೆ ಬಂದಾಗ ನಗು ತಡೆಯಲು ಕೆಮ್ಮಿದ. ಹುಡುಗ ಕೆಟ್ಟವನಲ್ಲ. ತನ್ನ ಕೈಕೆಳಗೆ ಮುನ್ನೂರು ಹೆಂಗಸರಿದ್ದಾರೆ, ಯಾರ ಮನೆಯಲ್ಲಿ ಯಾರು ಹೇಗೆ ಕೆಲಸ ಮಾಡುತ್ತಾರೆಂದು ಚುಕ್ಕಿ ಇಲ್ಲದೆ ತಿಳಿಯುವುದು ಹೇಗೆ ಎಂದು ಕೇಳಿದ. ಮೊದಲು ಯಾರಾದರೂ ಕಳ್ಳಿ ಎಂದರೆ ಹೆಂಗಸರು ಅಳುತ್ತ ಮನೆಗೆ ಹೋಗುತ್ತಿದ್ದರು. ಈಗ ಇನ್ನೂರು ಮನೆಯವರು ಕೊಟ್ಟ ಐದು ಚುಕ್ಕಿಗಳನ್ನು ಎದುರಿಗೆ ಹಿಡಿದು ತೋರಿಸಬಹುದು ಎಂದ. ಅದೂ ಸುಳ್ಳಲ್ಲವೆಂದು ಮಾಸ್ತರರಿಗೆ ಅನಿಸಿತು.

ಆದರೆ ಒಬ್ಬನ ತಪ್ಪಿಗೆ ಇನ್ನೊಬ್ಬಳ ಮಗಳು ಊರಿಗೆ ಹೋಗಬೇಕೇ ಎಂದು ಕೇಳಿದಾಗ ಕೌಶಲ್ ಕಂಪ್ಯೂಟರನ್ನು ತನ್ನತ್ತ ಎಳೆದುಕೊಂಡ. ಒಂದು ದಾರಿ ಇತ್ತು. ಗ್ರಾಹಕರೇ ಬಂದು ಒಂದೊಂದು ಚುಕ್ಕಿಗೂ ಬೇರೆ ಬೇರೆ ತಿದ್ದುಪಡಿ ಹಾಕಬೇಕು. ಕಾರಣದ ಪಟ್ಟಿಯಲ್ಲಿ ಎರಡೇ ಸಾಲು. ಒಂದು, 'ಮನಸ್ಸು ಬದಲಾಗಿದೆ'. ಇನ್ನೊಂದು, 'ಕೈತಪ್ಪಿ ಒತ್ತಿದೆ'. ಮೊದಲನೆಯದನ್ನು ಮೇಲಿನವರು ಒಪ್ಪುವುದಿಲ್ಲ ಎಂದು ಕೌಶಲ್ ದನಿ ತಗ್ಗಿಸಿ ಹೇಳಿ ಮೌಸನ್ನು ಅವರತ್ತ ಸರಿಸಿದ.

ಮಾಸ್ತರರ ಕೈ ಅಲ್ಲೇ ನಿಂತಿತು. ಕೈತಪ್ಪಿ ಒತ್ತಿದ್ದಲ್ಲ. ಪ್ರತಿ ದಿನ ಕನ್ನಡಕ ಒರೆಸಿಕೊಂಡು, ಯೋಚಿಸಿ, ತೂಗಿ ಒತ್ತಿದ್ದು. ಒಂದು ಸಲ ಶಾಲೆಯ ಟ್ರಸ್ಟಿಯ ಮೊಮ್ಮಗನಿಗೆ ಮೂರು ಅಂಕ ಏರಿಸಿ ಎಂದು ಹೆಡ್ಮಾಸ್ತರರು ಕೈಮುಗಿದಾಗಲೂ ಅವರು ಏರಿಸಿರಲಿಲ್ಲ. ಅದರ ಫಲವಾಗಿ ಐದು ವರ್ಷ ಬಡ್ತಿ ತಪ್ಪಿತ್ತು. ರತ್ನಾಬಾಯಿ ಆಗ ಒಂದು ಮಾತೂ ಆಡದೆ ಮನೆ ನಡೆಸಿದ್ದರು. ಆ ಒಂದು ಗರ್ವದ ಮೇಲೆಯೇ ಮಾಸ್ತರರು ಇಷ್ಟು ವರ್ಷ ಬೆನ್ನು ನೆಟ್ಟಗಿಟ್ಟುಕೊಂಡು ಬದುಕಿದ್ದರು.

ನಾಗವೇಣಿಗೆ ಅದು ಹೇಗೆ ತಿಳಿಯಿತೋ. ಪಕ್ಕಕ್ಕೆ ಬಂದು ನಿಂತು, "ಬ್ಯಾಡ್ರಿ ಮಾಸ್ತರ್ರ, ನನ್ನ ಸಲುವಾಗಿ ಸುಳ್ಳ ಬರೀಬ್ಯಾಡ್ರಿ. ಘೋಡಬಂದರಕ ಹೋಗ್ತೀನಿ. ರೂಢಿ ಆಗ್ತೈತಿ," ಎಂದಳು.

ಮೂರು ಒತ್ತಿದ್ದು ತಾವೇ ಎಂದು ಮೊದಲೇ ಗೊತ್ತಿತ್ತೇ ಎಂದು ಮಾಸ್ತರರು ಕೇಳಿದರು. ಅವಳು ತಲೆ ತಗ್ಗಿಸಿದಳು. ನಿಮ್ಮ ಮನೆಯಿಂದ ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಚುಕ್ಕಿ ಇಳಿಯುತ್ತಿತ್ತು, ತಿಳಿಯದೇ ಇರಲು ನಾನೇನು ಸಣ್ಣ ಕೂಸೇ ಎಂದಳು. ಮತ್ತೆ ಯಾಕೆ ಬರುತ್ತಿದ್ದೆ ಎಂದು ಮಾಸ್ತರರು ಕೇಳಿದರು.

ಉತ್ತರ ಸಿಕ್ಕಿದ್ದು ಕೌಶಲನ ಕಂಪ್ಯೂಟರಿನಲ್ಲಿ. ಗ್ರಾಹಕರು ಕೆಲಸದವರಿಗೆ ಚುಕ್ಕಿ ಕೊಡುವಂತೆ ಕೆಲಸದವರೂ ಗ್ರಾಹಕರಿಗೆ ಕೊಡುತ್ತಾರೆ, ಅದನ್ನು ಯಾರೂ ನೋಡುವುದಿಲ್ಲ ಅಷ್ಟೆ, ಎನ್ನುತ್ತ ಅವನು ಪರದೆಯನ್ನು ಮಾಸ್ತರರತ್ತ ತಿರುಗಿಸಿದ. ಹತ್ತೊಂಬತ್ತು ಸಾಲು. ಮಾಸ್ತರರು ಕೊಟ್ಟದ್ದು ಎಡಕ್ಕೆ: ಮೂರು, ಮೂರು, ಮೂರು. ನಾಗವೇಣಿ ಮಾಸ್ತರರಿಗೆ ಕೊಟ್ಟದ್ದು ಬಲಕ್ಕೆ. ಐದು, ಐದು, ಐದು. ಪುಟದ ಕೊನೆಯ ತನಕ ಐದೇ.

"ಯಾಕವ್ವಾ?" ಎಂದರು ಮಾಸ್ತರರು.

"ಬ್ಯಾರೆ ಮನ್ಯಾಗ ನಮಗ ನೀರಿಗೆ ಬ್ಯಾರೆ ಬಾಟ್ಲಿ ಇಡ್ತಾರ್ರಿ. ಅಮ್ಮಾರು ಮೊದಲ್ನೇ ದಿನ ತಾವು ಕುಡದ ತಂಬಿಗಿ ತೊಳದು ಅದರಾಗ ಕೊಟ್ರು. ನೀವು ಉಂಡೇನವ್ವಾ ಅಂತ ಕೇಳಿದ್ರಿ. ಹತ್ತೊಂಬತ್ತು ದಿನಾನೂ ಕೇಳಿದ್ರಿ. ಮೂರು ಕೊಡೂದು ನಿಮ್ಮ ಪದ್ಧತಿ ಇರಬೇಕು ಅಂದ್ಕೊಂಡೆ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಈ ಸಲ ಒರೆಸಬೇಕಾದದ್ದು ಕನ್ನಡಕವಷ್ಟೇ ಆಗಿರಲಿಲ್ಲ. ಆಮೇಲೆ ಇಲಿಯನ್ನು ಹಿಡಿದಂತೆ ಮೌಸನ್ನು ಗಟ್ಟಿಯಾಗಿ ಹಿಡಿದು, ಮೂರನ್ನು ಐದು ಮಾಡಿ, 'ಕೈತಪ್ಪಿ ಒತ್ತಿದೆ' ಎಂಬಲ್ಲಿ ಒತ್ತಿದರು. ಎರಡನೆಯದಕ್ಕೆ ಒತ್ತಿದರು. ಮೂರನೆಯದಕ್ಕೆ ಒತ್ತುವಾಗ ಕೌಶಲ್ ತಾನು ಮಾಡಿಕೊಡುತ್ತೇನೆಂದ, ಮಾಸ್ತರರು ಬೇಡವೆಂದರು. ಹತ್ತೊಂಬತ್ತನ್ನೂ ತಾವೇ ಒತ್ತಿದರು. ಹತ್ತನೆಯದರ ಹೊತ್ತಿಗೆ ಅದು ಅವರಿಗೆ ಸುಳ್ಳು ಅನಿಸುವುದು ನಿಂತಿತ್ತು.

ಮೇಲಿನವರ ಒಪ್ಪಿಗೆ ಬರಲು ಎರಡು ಮೂರು ದಿನ ಬೇಕು ಎಂದ ಕೌಶಲ್, ಮೆಟ್ಟಿಲ ತನಕ ಬಂದು ಕಳಿಸಿದ. ಅಲ್ಲಿ ತುಸು ನಾಚಿಕೊಂಡು, ಈಗ ನಿಮ್ಮ ಮೊಬೈಲಿಗೆ ನನ್ನ ಬಗ್ಗೆಯೂ ಒಂದು ಮೆಸೇಜು ಬರುತ್ತದೆ ಸರ್, ದಯವಿಟ್ಟು ಫಸ್ಟ್ ಕ್ಲಾಸ್ ಮಾತ್ರ ಕೊಡಬೇಡಿ ಎಂದ. ಮಾಸ್ತರರು ಅಲ್ಲೇ ನಿಂತು, ಅವನ ಎದುರಿಗೇ ಐದು ಒತ್ತಿದರು.

ಮನೆಗೆ ಬಂದು ರತ್ನಾಬಾಯಿಗೆ ಎಲ್ಲವನ್ನೂ ಹೇಳಿದರು, ತಂಬಿಗೆಯ ಮಾತನ್ನೂ ಹೇಳಿದರು. ಆಕೆ ಎಡಗೈಯಿಂದಲೇ ಚಹಾಕ್ಕೆ ನೀರಿಟ್ಟರು. ಮರುದಿನದಿಂದ ಮತ್ತೆ ಗ್ಯಾಲರಿಯ ಕಾವಲು ಶುರುವಾಯಿತು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೂರನೆಯ ದಿನ ಕೈಯ ಪ್ಲಾಸ್ಟರ್ ಬಿಚ್ಚಿದರು. ಕೈ ಬಡಕಲಾಗಿತ್ತು, ಹಿಟ್ಟು ನಾದುವಷ್ಟು ಕಸುವು ಬರಲು ತಿಂಗಳಾದರೂ ಬೇಕೆಂದು ಡಾಕ್ಟರರು ಹೇಳಿ ಕಳಿಸಿದರು. ನಾಲ್ಕನೆಯ ದಿನವೂ ಕಟ್ಟೆಯ ಮೇಲೆ ಬೇರೆಯವರೇ ಇದ್ದರು. ಮಾಸ್ತರರಿಗೆ ಆ ದಿನ ಪೇಪರಿನ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಟಿಟ್ವಾಳಾದಲ್ಲಿ ಒಂದು ಹುಡುಗಿಯ ಬಟ್ಟೆ ಬ್ಯಾಗಿಗೆ ಹೋಗುತ್ತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಐದನೆಯ ದಿನ ಒಂಬತ್ತೂಕಾಲಿಗೆ ಗ್ಯಾಲರಿಯಿಂದ ರತ್ನಾಬಾಯಿಯ ದನಿ ಬಂತು. "ಒತ್ರಿ. ಬಂದಾಳ. ಲಗೂ ಒತ್ರಿ."

ನಾಗವೇಣಿ ಒಳಗೆ ಬಂದು ಏನೂ ಆಗಿಯೇ ಇಲ್ಲವೆಂಬಂತೆ ಪರಾತಕ್ಕೆ ಹಿಟ್ಟು ಸುರುವಿಕೊಂಡಳು. ಐಡಿ ಚಾಲೂ ಆಗಿದೆ, ಏರಿಯಾ ಹಳೆಯದೇ, ಪೂಜಿತಾ ಶಾಲೆಗೆ ಹೋಗಿದ್ದಾಳೆ ಎಂದು ರೊಟ್ಟಿ ಬಡಿಯುತ್ತ ಹೇಳಿದಳು. ಮಾಸ್ತರರು ಉಂಡೆಯಾ ಎಂದು ಕೇಳಿದರು. ಆದರೆ ಎಂದಿನಂತೆ ಗ್ಯಾಲರಿಗೆ ಹೋಗಿ ಕೂಡಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಒಂದು ಕಾಲಿನ ಮೇಲೊಮ್ಮೆ, ಇನ್ನೊಂದು ಕಾಲಿನ ಮೇಲೊಮ್ಮೆ ಭಾರ ಹಾಕಿ ನಿಂತರು. ರೊಟ್ಟಿ ತಟ್ಟೆಗೆ ಬಿದ್ದ ಮೇಲೆ ಅಲ್ಲೇ ನಿಂತುಕೊಂಡು ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡರು.

"ನಾಗವೇಣಿ, ರೊಟ್ಟಿ ಭಾಳ ಛಲೋ ಆಗ್ಯಾವವ್ವಾ," ಎಂದರು. ಸುಧಾರಣೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ತುತ್ತಿನೊಡನೆ ನುಂಗಿಕೊಂಡರು.

ನಾಗವೇಣಿ ಹಿಟ್ಟಿನ ಕೈಯಿಂದಲೇ ಸೆರಗು ಹುಡುಕಿದಳು. ಟೀಶರ್ಟಿಗೆ ಸೆರಗು ಎಲ್ಲಿಂದ ಬರಬೇಕು. ತೋಳಿನಿಂದ ಮುಖ ಒರೆಸಿಕೊಂಡಳು. ಮಾಸ್ತರರು ತಿರುಗಿ ನೋಡಿದರೆ ರತ್ನಾಬಾಯಿ ಬಡಕಲು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತು ಗಂಡನನ್ನೇ ನೋಡುತ್ತಿದ್ದರು. ನಲವತ್ತನಾಲ್ಕು ವರ್ಷ, ದಿನಕ್ಕೆ ಎರಡು ಹೊತ್ತು ಆ ಕೈ ಬಡಿದ ರೊಟ್ಟಿ ಉಂಡು ಮಾಸ್ತರರು ಹೇಳುತ್ತಿದ್ದದ್ದು ಒಂದೇ ಮಾತು, ಪರವಾಗಿಲ್ಲ ಎಂದು. ಆಕೆಯೂ ಬೇರೊಂದು ಮಾತು ಕೇಳಿರಲಿಲ್ಲ.

ಮಾಸ್ತರರು ತಟ್ಟೆ ಕೆಳಗಿಟ್ಟು ಸ್ಟೂಲಿನ ಬಳಿಗೆ ಹೋದರು.

"ನಿನ್ನ ರೊಟ್ಟೀನೂ ಛಲೋ ಇರ್ತಿದ್ವು," ಎಂದರು. "ದಿನಾನೂ."

"ಇರ್ಲಿ ಬಿಡ್ರಿ," ಎಂದು ರತ್ನಾಬಾಯಿ ಮುಖ ಆಚೆ ತಿರುಗಿಸಿಕೊಂಡರು. ಆಮೇಲೆ, ಇತ್ತ ತಿರುಗದೆಯೇ, ಆ ಮಾತನ್ನು ಇನ್ನೊಮ್ಮೆ ಹೇಳಿರೆಂದರು.